ಕಡ ತಂದ ಚೇಳು

ತೀರಿಹೋದ ನನ್ನ ಗಂಡ ಮಹಾಂತನ ಶಿವಗಣಾರಾಧನೆ ಮುಗಿದು ನೆಂಟರೆಲ್ಲ ಹೋದ ಮರುದಿನ ಬೆಳಿಗ್ಗೆ ಚಹಾಕ್ಕಿಟ್ಟೆ. ಗೋಡೆಯ ಗೂಡಿನಲ್ಲಿದ್ದ ಚೇಳಿನ ಡಬ್ಬಿ ಆಗ ಕಣ್ಣಿಗೆ ಬಿತ್ತು. ಗದ್ದಲದಲ್ಲಿ ಅದಕ್ಕೆ ಯಾರೂ ಜಿರಲೆ ಹಾಕಿರಲಿಲ್ಲ.

ನಮ್ಮ ಓಣಿಯ ಪ್ರತಿ ಮನೆಯಲ್ಲೂ ಒಂದು ಚೇಳಿದೆ. ಬೆಳಿಗ್ಗೆ ವಿಷ ಕರೆದು ಸೋಸಿ, ಉಳಿದ, ನೋವು ತಡೆಯುವ ಪೆಪ್ಟೈಡ್ ಹನಿಯನ್ನು ನಾಲಿಗೆಯಡಿ ಇಟ್ಟುಕೊಂಡರೆ ಸಂಜೆಯವರೆಗೆ ನೋವಿಲ್ಲ. ನಮ್ಮ ಚೇಳು ಸತ್ತಾಗ ಪಕ್ಕದ ಮನೆಯ ಗುರಸಿದ್ದವ್ವಕ್ಕ ಮಹಾಂತನ ಮೂಳೆನೋವಿಗೆ ತನ್ನದನ್ನೇ ಕಡ ಕೊಟ್ಟಿದ್ದಳು. ತಾನು ತನ್ನ ಬೆರಳುನೋವಿಗೆ ಗಿಡದ ಬೇರಿನಿಂದ ತೆಗೆದ ಪೆಪ್ಟೈಡಿನಲ್ಲೇ ಸುಧಾರಿಸಿಕೊಂಡಳು. ಅದು ಸಾಲಲಿಲ್ಲ. ಬೆರಳು ಮಡಚಲಾಗದೆ ಮೂರು ತಿಂಗಳಿಂದ ರೊಟ್ಟಿ ಬಡಿದಿರಲಿಲ್ಲ.

ಇದೂ ಸತ್ತಿದ್ದರೆ ಅವಳಿಗೆ ಹೇಗೆ ಮುಖ ತೋರಿಸಲಿ? ಹೆದರುತ್ತಲೇ ಮುಚ್ಚಳ ತೆಗೆದೆ. ಚೇಳು ಕೊಂಡಿ ಎತ್ತಿತು. ಅದರ ಬೆನ್ನ ತುಂಬ ಅಕ್ಕಿಕಾಳಿನಂಥ ಬಿಳಿ ಮರಿಗಳು. ನಾನು ನಕ್ಕುಬಿಟ್ಟೆ. ಆ ಸದ್ದು ನನಗೇ ಹೊಸದೆನಿಸಿತು.

ಒಲೆ ಆರಿಸಿ, ಡಬ್ಬಿಯನ್ನು ಪಕ್ಕದ ಮನೆಗೆ ಒಯ್ದು ಗುರಸಿದ್ದವ್ವಕ್ಕನ ಕೈಗೆ ಕೊಟ್ಟೆ.

"ಅಯ್ಯ ತಂಗಿ, ಈಕಿ ಬಾಣಂತನ ನಿಮ್ಮನ್ಯಾಗ ಆತಲ್ಲ! ಬಾಣಂತಿಗೆ ಕೊಡೂ ಕುಬಸಾ ಎಲ್ಲೈತಿ?"

"ಮರತೇನಿ ಅಕ್ಕಾ."

"ಮಹಾಂತ ಮೊಸರಿನ ಬಟ್ಟಲಾ ತಿರುಗಿ ಕೊಡಾಗೂ ಚೂರು ಬೆಲ್ಲ ಇಟ್ಟು ತರ್ತಿದ್ದ. ಬರಿಗೈಲೆ ಯಾವತ್ತೂ ಬಂದಾಂವಲ್ಲ."

"ಈ ಸಲಾನೂ ಆಂವ ನನ್ನ ಬರಿಗೈಲೆ ಕಳಿಸಿಲ್ಲ ನೋಡ್ರಿ."

ಇಬ್ಬರೂ ನಕ್ಕೆವು. ಅವಳು ಮರಿಗಳು ಜಾರದಂತೆ ಹುಷಾರಾಗಿ ವಿಷ ಕರೆದಳು. "ಬಾಣಂತಿ ವಿಷ ಭಾಳ ಖಡಕ್, ಅರ್ಧ ಹನಿ ಸಾಕು" ಎಂದು ಸೋಸಿ ನಾಲಿಗೆಯಡಿ ಇಟ್ಟುಕೊಂಡಳು. ಸ್ವಲ್ಪ ಹೊತ್ತಿಗೆ ಬೆರಳು ಒಂದೊಂದಾಗಿ ಮಡಚಿ ನೋಡಿ, ಹಿಟ್ಟಿನ ಡಬ್ಬಿಗೆ ಕೈ ಹಾಕಿದಳು.

"ಕುಂದ್ರು, ಬಿಸಿ ರೊಟ್ಟಿ ತಿಂದು ಹೋಗೀಯಂತ."

ನಾನು ಕುಳಿತೆ. ನನಗೆ ಹಸಿವಾಗಿತ್ತು.