ಇನ್ನೂರು ಮೀಟರಿನ ಫಲಕ

ಆರು ವರ್ಷಗಳಿಂದ ಸಂಗಪ್ಪನದು ತಂಡದಲ್ಲಿ ಒಂದೇ ಕೆಲಸ. ಸೈಕಲ್ ರೇಸಿನ ಕೊನೆಯಲ್ಲಿ ಗಾಳಿಗೆ ಎದೆಕೊಟ್ಟು ಮುಂದೆ ತುಳಿಯುವುದು, ಬೆನ್ನಿಗಂಟಿ ಬರುವ ರಾಜೇಸಾಬನ ಕಾಲಿನ ಕಸುವು ಉಳಿಸುವುದು, ಇನ್ನೂರು ಮೀಟರಿನ ಫಲಕ ಬಂತೆಂದರೆ ಎಡಕ್ಕೆ ಸರಿದು ಅವನಿಗೆ ದಾರಿ ಬಿಡುವುದು. ಪದಕ ರಾಜೇಸಾಬನ ಕೊರಳಿಗೆ. ಸಂಗಪ್ಪನಿಗೆ ಬೆನ್ನ ಮೇಲೊಂದು ಶಾಬಾಶ್.

ಇವತ್ತು ಮಾತ್ರ, ಐದು ಕಿಲೋಮೀಟರ್ ಉಳಿದಿರುವಾಗ, ರಾಜೇಸಾಬ ಪಕ್ಕಕ್ಕೆ ಬಂದ.

"ದೋಸ್ತ, ನನ್ನ ಕಾಲು ಹಿಡದಾವ. ಇವತ್ತ ನೀನ ಗೆಲ್ಲು."

"ಏ, ಚಾಷ್ಟಿ ಮಾಡಬ್ಯಾಡ."

"ಖರೇನ ಹೇಳಾಕತ್ತೀನಿ. ಒಂದು ಕಿಲೋಮೀಟರ್ ಉಳಿಯೂತನಕ ನಾ ಮುಂದ ತುಳದು ಗಾಳಿ ತಡಿತೀನಿ. ಆಮ್ಯಾಲ ನೀ ಹಿಂದ ನೋಡಬ್ಯಾಡ. ಗೆದ್ದಿ ಅಂದ್ರ ರಾಜ್ಯ ತಂಡದಾಗ ನಿನ್ನ ಹೆಸರು!"

"ಮತ್ತ ನಿನಗ?"

"ನಮ್ಮ ಮನ್ಯಾಗ ಪದಕ ಇಡಾಕ ಜಾಗ ಇಲ್ಲೋ, ನಡಿ!"

ಹೇಳಿದಂತೆಯೇ ರಾಜೇಸಾಬ ಜೀವದ ಹಂಗು ತೊರೆದು ತುಳಿದ. ಕೊನೆಗೆ ಏದುಸಿರು ಬಿಡುತ್ತ ಹಿಂದುಳಿದ. ಸಂಗಪ್ಪ ಬಾಣದಂತೆ ನುಗ್ಗಿದ. ಮುಂದೆ ಯಾರೂ ಇರಲಿಲ್ಲ. ಬೆನ್ನಿಗಂಟಿದ್ದ ಎದುರಾಳಿಯೊಬ್ಬ ಎಷ್ಟು ತುಳಿದರೂ ಪಕ್ಕಕ್ಕೆ ಬರಲಾಗದೆ ಒದ್ದಾಡುತ್ತಿದ್ದ. ರಸ್ತೆಯ ಎರಡೂ ಬದಿಯ ಜನ ತನ್ನ ಹೆಸರು ಹಿಡಿದು ಕೂಗುವುದನ್ನು ಸಂಗಪ್ಪ ಮೊದಲ ಸಲ ಕೇಳಿದ. ಕಾಲಿಗೆ ಇನ್ನಷ್ಟು ಹುರುಪು ಬಂತು.

ಇನ್ನೂರು ಮೀಟರಿನ ಫಲಕ ಬಂತು. ಸಂಗಪ್ಪ ಎಡಕ್ಕೆ ಸರಿದು ದಾರಿ ಬಿಟ್ಟ.