ಬಚ್ಚಣ್ಣನ ಕೈಗೆ ಪೊರೆ

ಕಡಲ ಗಾಳಿಗೆ ತಾಮ್ರದ ರುಚಿ ಹತ್ತಿದ ಮೇಲೆ, ಗಂಗೊಳ್ಳಿಯಲ್ಲಿ ಗಾಳಿ ತಡೆಯುವ ಪೊರೆ ಹಚ್ಚಿಸದ ಮೊಬೈಲು ಒಂದು ಹಗಲೂ ಬಾಳುತ್ತಿರಲಿಲ್ಲ. ಹಾಗಾಗಿ ಮುತ್ತಕ್ಕನ ಪೊರೆ ಅಂಗಡಿಯಲ್ಲಿ ಸದಾ ಜನ. ಇವತ್ತು ಅವಳ ಮುಂದಿದ್ದದ್ದು ಮೀನುಗಾರ ಬಚ್ಚಣ್ಣನ ಯಂತ್ರದ ಕೈ.

“ದಪ್ಪ ಹಚ್ಚ್ ಮಾರಾಯ್ತಿ. ಹಿಂದಿನ ಸರ್ತಿ ಗಾಳಿ ಬೆರಳನ್ನೇ ತಿಂದ್ ಹಾಕಿತ್ತ್,” ಎಂದ ಬಚ್ಚಣ್ಣ.

“ದಪ್ಪ ಹಚ್ಚಿರೆ ಮುಟ್ಟಿದ್ದ್ ಗೊತ್ತಾತಿಲ್ಲೆ. ಸುಮ್ನೆ ಕೂಕೊ,” ಎಂದು ಮುತ್ತಕ್ಕ ಅವನ ಬೆರಳ ತುದಿಗಳಿಗೆ ಈರುಳ್ಳಿ ಸಿಪ್ಪೆಗಿಂತ ತೆಳುವಾಗಿ ಪೊರೆ ಕೂರಿಸಿದಳು.

ಬಲೆಯ ಎಳೆತ ತಿಳಿಯದ ಕೈಗೆ ದೋಣಿಯಲ್ಲಿ ಜಾಗವಿಲ್ಲ. ಅದಕ್ಕೇ ಹೊಸ ಪೊರೆಯ ಕೈಯನ್ನು ದೋಣಿಯ ಯಜಮಾನನೇ ಪರೀಕ್ಷಿಸುವುದು ಬಂದರಿನ ಪದ್ಧತಿ. ಅಂಗಡಿಗೆ ಬಂದಿದ್ದ ಯಜಮಾನ ಶೀನಣ್ಣ ಬಚ್ಚಣ್ಣನ ಕಣ್ಣು, ಮೂಗು ಎರಡಕ್ಕೂ ಬಟ್ಟೆ ಕಟ್ಟಿ, ಮುತ್ತಕ್ಕ ಸಾರಿಗೆಂದು ಕೊಂಡಿಟ್ಟಿದ್ದ ಮೀನಿನ ಚೀಲದಿಂದ ಒಂದನ್ನು ತೆಗೆದು ಅಂಗೈ ಮೇಲಿಟ್ಟ.

ಬೆರಳುಗಳು ಮೀನಿನ ಮೈಮೇಲೆ ನಿಧಾನವಾಗಿ ಹರಿದಾಡಿದವು.

“ಬಂಗ್ಡೆ,” ಎಂದ ಬಚ್ಚಣ್ಣ. ಮತ್ತೊಮ್ಮೆ ಒತ್ತಿ ನೋಡಿದ. “ಇವತ್ತಿದ್ದಲ್ಲ, ನಿನ್ನೆದ್.”

ಮುತ್ತಕ್ಕ ಯಜಮಾನನತ್ತ ತಿರುಗಿದಳು. “ಈಗಷ್ಟೇ ದೋಣಿಯಿಂದ ಇಳಿಸಿದ್ದ್ ಅಂದ್ಹೇಳಿ ಬೆಳಿಗ್ಗೆ ನಿಮ್ ಹೆಂಡ್ತಿಯೇ ಕೊಟ್ಟದ್ದಲ್ದಾ ಇದ್?”

ಶೀನಣ್ಣ ಮೀನನ್ನು ಕಿತ್ತುಕೊಂಡ.

“ಬಾ ಬಚ್ಚ, ಮೊದ್ಲ್ ದೋಣಿ ಹತ್ತ್. ನೀ ದಡದಲ್ಲಿದ್ರೆ ನನ್ ವ್ಯಾಪಾರ ಮುಳುಗುತ್ತ್!”