ಎದುರಿನ ಹೋಟೆಲು

ಸೌಟಿನ ಸಾಂಬಾರನ್ನು ಅಂಗೈಗೆ ಹಾಕಿ ನೆಕ್ಕಿದ ಅಮ್ಮ ಹುಬ್ಬು ಗಂಟಿಕ್ಕಿದ್ದನ್ನು ಊಟಕ್ಕೆ ಕೂತಿದ್ದ ಪ್ರಣಮ್ಯಾ ನೋಡಿದಳು. ಬೇಳೆಗಿಂತ ನೀರೇ ಹೆಚ್ಚು. ಆದರೂ ಬಾಗಿಲಲ್ಲಿ ಜನ ಸಾಲುಗಟ್ಟಿದ್ದರು. ಚೆನ್ನೈನ ಪುರಸೈವಾಕ್ಕಂನ ಆ ಬೀದಿಯ ಮೂರು ಹೋಟೆಲುಗಳೂ ಅಮ್ಮನವೇ.

ಸರ್ಕಾರ ದೊಡ್ಡ ಟೆಕ್ ಕಂಪನಿಗಳನ್ನು ಒಡೆದು ಸಣ್ಣದಾಗಿಸಬೇಕೆಂದು ವಾದಿಸುವ ಈ ವಕೀಲೆ ಮಗಳನ್ನು ಅಮ್ಮ ಈಗಷ್ಟೇ ಗದರಿದ್ದಳು: "ಬೆಳೆದದ್ದೇ ತಪ್ಪಾ ಮಾರಾಯ್ತಿ? ಬೇಡದವರು ಬೇರೆ ಕಡೆ ಹೋಗಲಿ."

"ಬೇರೆ ಎಲ್ಲುಂಟು ಅಮ್ಮ?" ಎಂದಿದ್ದಳು ಪ್ರಣಮ್ಯಾ.

ಈಗ ಅಮ್ಮ ಸೌಟು ಕೆಳಗಿಟ್ಟು, ಸೊಂಟದ ಗೊಂಚಲಿನಿಂದ ಎದುರಿನ ಹೋಟೆಲಿನ ಬೀಗದಕೈ ಬಿಡಿಸಿ, ಹಳೆಯ ಅಡುಗೆಯವರಾದ ವಾದಿರಾಜ ಭಟ್ಟರ ಕೈಗಿತ್ತಳು. "ಬಾಡಿಗೆ ಕೊಟ್ಟರೆ ಸಾಕು. ನನ್ನ ಬೋರ್ಡು ಇಳಿಸಿ ನಿಮ್ಮದು ಹಾಕಿ ಭಟ್ರೇ."

"ನಿಮಗೇ ಎದುರು ನಿಲ್ಲುದಾ ಅಕ್ಕ?"

"ಹೌದು, ನಿಲ್ಲಿ."

ದೊಡ್ಡವರು ತಾವಾಗಿಯೇ ಎದುರಾಳಿಗೆ ಜಾಗ ಬಿಡುವುದನ್ನು ಕೋರ್ಟಿಗೆ ಅಲೆದೂ ಅಲೆದೂ ಕಾಣದ ಪ್ರಣಮ್ಯಾ ಕೈಯ ತುತ್ತು ಮರೆತಳು. ಅಮ್ಮ ಆಗಲೇ ಒಳಗೆ ಕೂಗುತ್ತಿದ್ದಳು: "ಸಾಂಬಾರಿಗೆ ಬೇಳೆ ಜಾಸ್ತಿ ಹಾಕಿ! ಎದುರು ಭಟ್ರ ಹೋಟೆಲು ಬಂತು!"